ಹಳಿಗೆ ಅಹವಾಲು ಸಭೆ ಇಲ್ಲ: ಚಾಂದೋರ್ ಹೋರಾಟದ ಹಿಂದಿನ ಕಥೆ

2020ರ ನವೆಂಬರ್ 1ರ ರಾತ್ರಿ ದಕ್ಷಿಣ ಗೋವಾದ ಚಾಂದೋರ್‌ನಲ್ಲಿ ಸಾವಿರಾರು ಜನ ರೈಲು ಹಳಿಯ ಮೇಲೆ ಕೂತರು. ಮೇಣದಬತ್ತಿ ಹಚ್ಚಿಕೊಂಡು, ಹಾಡು ಹೇಳುತ್ತ ನಸುಕಿನವರೆಗೂ ಏಳಲಿಲ್ಲ. ಜೋಡಿ ಹಳಿ ಕಾಮಗಾರಿಗೆಂದು ಅಲ್ಲಿನ ರೈಲ್ವೆ ಗೇಟನ್ನು ರಾತ್ರಿ ಹೊತ್ತು ಮುಚ್ಚುವುದಿತ್ತು. ಆಮೇಲೆ ಕೆಲವರ ಮೇಲೆ ಪೊಲೀಸ್ ಕೇಸೂ ಆಯಿತು.

ಇದು ಬರೀ ಗೋವಾದ ಸುದ್ದಿಯಲ್ಲ. ಚಾಂದೋರ್ ಎಂದರೆ ಗೋವಾ ಕದಂಬರು ಮೊದಲು ರಾಜಧಾನಿ ಮಾಡಿಕೊಂಡಿದ್ದ ಚಂದ್ರಪುರ. ಊರೊಳಗೆ ಹಾದುಹೋಗುವ ಹಳಿಯ ಇನ್ನೊಂದು ತುದಿ ಇರುವುದು ನಮ್ಮ ಹೊಸಪೇಟೆಯಲ್ಲಿ. ಹೊಸಪೇಟೆ–ತಿನೈಘಾಟ್–ವಾಸ್ಕೋ ಜೋಡಿ ಹಳಿ ಯೋಜನೆಯ ಉದ್ದ ಸುಮಾರು 350 ಕಿ.ಮೀ.

ಮೊದಲ ಹಳಿ ಬಂದದ್ದೂ ಊರವರನ್ನು ಕೇಳಿಯಲ್ಲ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಪ್ಪಂದ ಮಾಡಿಕೊಂಡರು. ಮರ್ಮಗೋವಾ ಬಂದರಿನಿಂದ ಘಟ್ಟದ ಮೇಲಿನ ಬ್ರಿಟಿಷ್ ಸೀಮೆಗೆ ರೈಲು ಹಾಕುವುದು ಅದರ ಒಂದು ಅಂಶ. ಗೋವಾದ ಉಪ್ಪಿನ ತಯಾರಿಕೆ, ಮಾರಾಟದ ಮೇಲಿನ ಹಿಡಿತ ಬ್ರಿಟಿಷರಿಗೆ ಹೋದದ್ದು ಇನ್ನೊಂದು. 1888ರಲ್ಲಿ ಕ್ಯಾಸಲ್‌ರಾಕ್ ಮೂಲಕ ಎರಡೂ ಕಡೆಯ ಹಳಿ ಕೂಡಿದವು. ಒಳನಾಡಿನ ಸರಕಿಗೆ ಬಂದರಿನ ದಾರಿ ಸಿಕ್ಕಿತು. ಉಪ್ಪು ಬೆಳೆಯುತ್ತಿದ್ದವರ ಕಸುಬಿಗೆ ಪೆಟ್ಟು ಬಿತ್ತು.

ಈಗ ಸರಕಿನ ದಿಕ್ಕು ಬದಲಾಗಿದೆ. ಹಡಗಿನಲ್ಲಿ ಮರ್ಮಗೋವಾಕ್ಕೆ ಬರುವ ಕಲ್ಲಿದ್ದಲು ಘಟ್ಟ ಹತ್ತಿ ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುತ್ತದೆ. ವೆಲ್ಸಾವ್, ಅರೊಸಿಂ, ಕಾನ್ಸಾವ್ಲಿಂ ಊರುಗಳಲ್ಲಿ ಹಳಿಗೂ ಮನೆಗೂ ನಡುವೆ ಇರುವುದು ಕೆಲವೇ ಹೆಜ್ಜೆ. ಕಲ್ಲಿದ್ದಲ ಧೂಳು, ಹಳೆ ಮನೆಗಳ ಗೋಡೆ ಅದುರುವುದು, ಹಳಿ ಪಕ್ಕದ ಜಾಗ ಯಾರದ್ದು ಎಂಬ ತಕರಾರು ಇವು ಅಲ್ಲಿನವರ ಅಳಲು. ಯೋಜನೆ ಕಲ್ಲಿದ್ದಲಿಗಷ್ಟೇ ಅಲ್ಲ, ಪ್ರಯಾಣಿಕರ ರೈಲಿಗೂ ಬೇಕು ಎನ್ನುವುದು ರೈಲ್ವೆಯ ಮಾತು.

ಈ ಅಳಲು ಹೇಳಿಕೊಳ್ಳಲು ಜಾಗ ಎಲ್ಲಿದೆ? ಬಂದರಿನಲ್ಲಿ ಕಲ್ಲಿದ್ದಲು ಸಾಗಾಟ ಹೆಚ್ಚಿಸುವ ಪ್ರಸ್ತಾವ ಬಂದಾಗ, 2017ರಲ್ಲಿ, ವಾಸ್ಕೋದಲ್ಲಿ ಸಾರ್ವಜನಿಕ ಅಹವಾಲು ಸಭೆ ಹಲವು ದಿನ ನಡೆಯಿತು. ಜನ ಸಾಲುಗಟ್ಟಿ ಬಂದು ಬೇಡ ಎಂದರು. ಆದರೆ 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪಟ್ಟಿಯಲ್ಲಿ ರೈಲು ಹಳಿಯೇ ಇಲ್ಲ. ಆದ್ದರಿಂದ ಅದೇ ಕಲ್ಲಿದ್ದಲು ಬಂದರು ದಾಟಿ ಹಳಿ ಹತ್ತಿದ ಮೇಲೆ ಆ ಕಾನೂನಿನಡಿ ಅಹವಾಲು ಕೇಳಬೇಕಾದ್ದಿಲ್ಲ. ಚಾಂದೋರ್‌ನವರು ಹಳಿಯ ಮೇಲೆಯೇ ಕೂತದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

ಕಾಡಿಗೆ ಮಾತ್ರ ಕೇಳುವವರಿದ್ದರು. ಘಟ್ಟದಲ್ಲಿ ಹಳಿ ಮೊಲೆಂ ರಾಷ್ಟ್ರೀಯ ಉದ್ಯಾನ, ಭಗವಾನ್ ಮಹಾವೀರ ಅಭಯಾರಣ್ಯ, ನಮ್ಮ ಕಡೆ ದಾಂಡೇಲಿ ಕಾಡನ್ನು ಹಾಯಬೇಕು. ಅಲ್ಲಿಗೆ ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಒಪ್ಪಿಗೆ ಬೇಕು. ಸುಪ್ರೀಂ ಕೋರ್ಟ್ ನೇಮಿಸಿದ್ದ ಕೇಂದ್ರೀಯ ಉನ್ನತಾಧಿಕಾರ ಸಮಿತಿ 2021ರಲ್ಲಿ, ಈ ಕಡಿದಾದ ಘಟ್ಟದಲ್ಲಿ ಇನ್ನೊಂದು ಹಳಿ ಹಾಕಿದರೂ ಸಾಗಾಟದ ಸಾಮರ್ಥ್ಯ ಹೆಚ್ಚುವುದು ಅಲ್ಪ, ಕಾಡಿಗೆ ಆಗುವ ಹಾನಿ ದೊಡ್ಡದು ಎಂದಿತು. 2022ರ ಮೇ 9ರಂದು ಕೋರ್ಟ್ ಕ್ಯಾಸಲ್‌ರಾಕ್–ಕುಳೆಂ ಭಾಗಕ್ಕೆ ಮಂಡಳಿ ಕೊಟ್ಟಿದ್ದ ಒಪ್ಪಿಗೆಯನ್ನು ರದ್ದು ಮಾಡಿತು. ಸರಿಯಾಗಿ ಅಧ್ಯಯನ ಮಾಡಿ ಮತ್ತೆ ಅರ್ಜಿ ಹಾಕಲು ರೈಲ್ವೆಗೆ ಅವಕಾಶ ಉಳಿಸಿತು.

ಆ ತೀರ್ಪು ಘಟ್ಟದ ಕೆಳಗಿನ ಊರುಗಳಿಗೆ ಅನ್ವಯಿಸಲಿಲ್ಲ. ವೆಲ್ಸಾವ್‌ನಲ್ಲಿ ಕಾಮಗಾರಿಯೂ, ಅದನ್ನು ತಡೆಯಲು ಊರವರು ನಿಲ್ಲುವುದೂ ಆಮೇಲೂ ನಡೆದವು. ನಮ್ಮ ಕಡೆ ಜೋಡಿ ಹಳಿ ಎಂದರೆ ಕ್ರಾಸಿಂಗಿಗೆ ಕಾಯುವುದು ತಪ್ಪಿತು ಎಂಬ ಖುಷಿ. ಆ ಖುಷಿ ಸುಳ್ಳಲ್ಲ. ಅದೇ ಹಳಿ ಗೋವಾದಲ್ಲಿ ಯಾರ ಅಂಗಳ ದಾಟಿ ಬರುತ್ತಿದೆ ಎನ್ನುವುದೂ ನಾವು ಬರೆಯಬೇಕಾದ ಸುದ್ದಿಯೇ.