ಕಡತದೊಳಗೊಂದು ಡಿಸ್ಕು, ಡಿಸ್ಕಿನೊಳಗೊಂದು ಕನ್ನಡ

ಉಬುಂಟು ಬಳಸುವವರು ಒಮ್ಮೆ ಟರ್ಮಿನಲ್ ತೆರೆದು ಡಿಸ್ಕುಗಳ ಪಟ್ಟಿ ಕೇಳಿ ನೋಡಿ. ಲ್ಯಾಪ್‌ಟಾಪ್‌ನಲ್ಲಿರುವುದು ಒಂದೇ ಎಸ್‌ಎಸ್‌ಡಿ. ಪಟ್ಟಿಯಲ್ಲಿ ಮಾತ್ರ ಲೂಪ್0, ಲೂಪ್1, ಲೂಪ್2 ಎಂದು ಸಾಲುಸಾಲು ‘ಡಿಸ್ಕು’ಗಳು. ಇವೆಲ್ಲ ಡಿಸ್ಕಿನ ವೇಷ ಕಟ್ಟಿದ ಸಾಮಾನ್ಯ ಕಡತಗಳು. ಸ್ನ್ಯಾಪ್ ಎಂಬ ಪ್ಯಾಕೇಜುಗಳು ಒಂದೊಂದೂ ಹೀಗೇ ಬಂದು ಕೂತಿರುತ್ತವೆ. ಈ ವೇಷಕ್ಕೆ ಮೂವತ್ತು ವರ್ಷ ದಾಟಿದೆ. ಪುಣೆಯಲ್ಲಿ ಕೂತು ಕನ್ನಡ ಓದುವ ನಮಗೆ ಅದರಿಂದ ಆಗಬೇಕಾದ ಕೆಲಸವೂ ಒಂದಿದೆ.

ಕಥೆ ಶುರುವಾಗುವುದು ಬೆಲ್ ಲ್ಯಾಬ್ಸ್‌ನಲ್ಲಿ. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯುನಿಕ್ಸ್ ಕಟ್ಟುವಾಗ ಟರ್ಮಿನಲ್, ಟೇಪು, ಡಿಸ್ಕು ಎಲ್ಲಕ್ಕೂ ‘ಡೆವ್’ ಎಂಬ ಡೈರೆಕ್ಟರಿಯಲ್ಲಿ ಒಂದೊಂದು ಕಡತದ ಹೆಸರು ಕೊಟ್ಟರು. 1971ರ ನವೆಂಬರಿನ ಮೊದಲ ಕೈಪಿಡಿಯಲ್ಲೇ ಇದು ಇದೆ. ಯಂತ್ರ ಕಡತದಂತೆ ಕಾಣುವುದು ಸಾಧ್ಯವಾಯಿತು. ಆದರೆ ಉಲ್ಟಾ ದಾರಿ ಆಗ ಇರಲಿಲ್ಲ. ಮೌಂಟ್ ಮಾಡಬೇಕೆಂದರೆ ನಿಜವಾದ ಡಿಸ್ಕೇ ಬೇಕಿತ್ತು.

ಆದರೆ ಆಪರೇಟಿಂಗ್ ಸಿಸ್ಟಂ ಕಣ್ಣಿಗೆ ಡಿಸ್ಕು ಎಂದರೇನು? ಸಂಖ್ಯೆ ಹಾಕಿ ಜೋಡಿಸಿದ ಡಬ್ಬಿಗಳ ಸಾಲು, ಅಷ್ಟೇ. ‘ನೂರನೇ ಡಬ್ಬಿ ಕೊಡು’ ಎಂದರೆ ಕೊಡಬೇಕು, ‘ಇದನ್ನು ಅಲ್ಲಿಡು’ ಎಂದರೆ ಇಡಬೇಕು. ಈ ಕೆಲಸವನ್ನು ಒಂದು ಕಡತವೂ ಮಾಡಬಲ್ಲದು. ಲಿನಕ್ಸ್‌ನ ಲೂಪ್ ಡ್ರೈವರ್ ಮಾಡುವುದು ಇಷ್ಟನ್ನೇ. ಥಿಯೋಡರ್ ಚೋ ಅದನ್ನು ಬರೆದ ದಿನಾಂಕ ಬಹಳ ಕಾಲ ಮೂಲ ಕೋಡಿನ ತಲೆಯ ಮೇಲೆಯೇ ದಾಖಲಾಗಿತ್ತು: 1993ರ ಮಾರ್ಚ್ 29. ಡಬ್ಬಿಯ ಸಂಖ್ಯೆಯನ್ನು ಕಡತದೊಳಗಿನ ಜಾಗಕ್ಕೆ ಲೆಕ್ಕ ಹಾಕಿ ಕೋರಿಕೆಯನ್ನು ಅಲ್ಲಿಗೆ ಕಳಿಸುವುದು ಆ ಡ್ರೈವರಿನ ಕೆಲಸ. ಕಮಾಂಡ್ ಲೈನ್‌ನಲ್ಲಿ ಹೆಜ್ಜೆಗಳು ನಾಲ್ಕು: ‘ಡಿಡಿ’ಯಿಂದ ಬೇಕಾದ ಗಾತ್ರದ ಖಾಲಿ ಕಡತ ಮಾಡುವುದು, ‘ಲೋಸೆಟಪ್’ನಿಂದ ಅದಕ್ಕೆ ಲೂಪ್ ಸಾಧನ ಅಂಟಿಸುವುದು, ಅದರ ಮೇಲೆ ಫೈಲ್ ಸಿಸ್ಟಂ ಹಾಕುವುದು, ಮೌಂಟ್ ಮಾಡುವುದು. ಬಹಳ ಕಾಲ ಇಂಥ ಎಂಟೇ ಸಾಧನಗಳು ತಯಾರಾಗಿ ಬರುತ್ತಿದ್ದವು. 2011ರ ನಂತರ ಬೇಕಾದಷ್ಟನ್ನು ಬೇಕಾದಾಗ ಪಡೆಯುವ ದಾರಿಯಾಯಿತು.

ಸಣ್ಣ ಉಪಾಯ, ಆದರೆ ಅದರ ಬೆನ್ನೇರಿ ದೊಡ್ಡ ಕೆಲಸಗಳು ನಡೆದವು. 2000ದಲ್ಲಿ ಜರ್ಮನಿಯ ಕ್ಲಾಸ್ ನೋಪರ್ ಹೊರತಂದ ನಾಪಿಕ್ಸ್, ಸುಮಾರು ಎರಡು ಜಿಬಿ ತಂತ್ರಾಂಶವನ್ನು ಒತ್ತಿ ಹಿಂಡಿದ ಒಂದು ಕಡತವನ್ನಾಗಿ 700 ಎಂಬಿ ಸಿಡಿಯಲ್ಲಿ ಕೂರಿಸಿತು. 2008ರ ವೂಬಿ ವಿಂಡೋಸ್‌ನ ಒಳಗೇ ಒಂದು ಕಡತ ಮಾಡಿ ಅದರಲ್ಲಿ ಇಡೀ ಉಬುಂಟುವನ್ನು ಇಳಿಸುತ್ತಿತ್ತು. ಮನೆಗೆಲ್ಲ ಒಂದೇ ಕಂಪ್ಯೂಟರ್ ಇದ್ದ ಕಾಲದಲ್ಲಿ, ಪಾರ್ಟಿಶನ್ ಮುಟ್ಟದೆ ಲಿನಕ್ಸ್ ಕಲಿಯಲು ಇದು ದೊಡ್ಡ ಧೈರ್ಯ. ಫೆಡೋರಾದ ಲೈವ್ ಸಿಡಿಗಳಲ್ಲಂತೂ ಕಡತದೊಳಗೆ ಕಡತ, ಅದರೊಳಗೆ ಇನ್ನೊಂದು. ಆ ಫೆಡೋರಾದಲ್ಲಿ ಕನ್ನಡ ಕಾಣಿಸುತ್ತಿದ್ದ ಲೋಹಿತ್ ಫಾಂಟ್ ರೆಡ್ ಹ್ಯಾಟ್‌ನದು. ಅವರ ಭಾರತೀಯ ಭಾಷೆಗಳ ತಂಡ ಕೆಲಸ ಮಾಡುತ್ತಿದ್ದುದು ನಮ್ಮ ಪುಣೆಯಲ್ಲೇ.

ಕಂಪ್ಯೂಟರ್ ಕನ್ನಡಕ್ಕೂ ಪುಣೆಗೂ ಇರುವ ನಂಟು ಇನ್ನೂ ಹಳೆಯದು. 1988ರಲ್ಲಿ ಸಿ-ಡ್ಯಾಕ್ ಇಲ್ಲಿ ಶುರುವಾಯಿತು. ಜನ ನೆನಪಿಡುವುದು 1991ರ ಪರಮ್ ಸೂಪರ್ ಕಂಪ್ಯೂಟರನ್ನು. ಕನ್ನಡಕ್ಕೆ ಹೆಚ್ಚು ಮುಖ್ಯವಾದದ್ದು ಕಾನ್ಪುರದ ಐಐಟಿಯಲ್ಲಿ ಹುಟ್ಟಿ ಇಲ್ಲಿ ಬೆಳೆದ ಜಿಸ್ಟ್. ಪಿಸಿಯೊಳಗೆ ಜಿಸ್ಟ್ ಕಾರ್ಡ್ ಸಿಕ್ಕಿಸಿದರೆ ಡಾಸ್ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಇದರ ಹಿಂದಿದ್ದ ಇಸ್ಕಿ ಸಂಕೇತ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರಲ್ಲಿ ಕನ್ನಡದ ‘ಕ’ಗೂ ಹಿಂದಿಯ ‘ಕ’ಗೂ ಒಂದೇ ಸಂಖ್ಯೆ, 179. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದು ಬೇರೆ ಮಾತು. ಯೂನಿಕೋಡ್ ಲಿಪಿಗಳನ್ನು ಬೇರೆ ಮಾಡಿತಾದರೂ ಇಸ್ಕಿಯ ಜೋಡಣೆ ಉಳಿಸಿಕೊಂಡಿತು. ಇಂದಿಗೂ ಕನ್ನಡ ವಿಭಾಗದ ಮೊದಲ ಮನೆಯಿಂದ 21 ಮನೆ ಮುಂದೆ ಹೋದರೆ ‘ಕ’ ಸಿಗುತ್ತದೆ. ದೇವನಾಗರಿಯಲ್ಲೂ ಅಷ್ಟೇ ದೂರ.

ಆದರೆ ಡಿಟಿಪಿ ಅಂಗಡಿಗಳಲ್ಲಿ ಓಡಿದ್ದು ಬೇರೆ ಬಂಡಿ. ಪುಣೆಯದೇ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, 1998ರಲ್ಲಿ ಶೇಷಾದ್ರಿವಾಸು ಅವರ ಬರಹ, ನಂತರ ಕನ್ನಡ ಗಣಕ ಪರಿಷತ್ತಿನ ನುಡಿ. ಇವು ನಮಗೆ ಕೊಟ್ಟದ್ದು ಅಪಾರ. ಆಗಿನ ಫಾಂಟುಗಳಲ್ಲಿ ಸಂಖ್ಯೆ ಇದ್ದದ್ದು ಅಕ್ಷರಕ್ಕಲ್ಲ, ಅಕ್ಷರದ ತುಂಡಿಗೆ: ಒಂದು ಕೊಂಬಿಗೆ, ಒಂದು ಒತ್ತಿಗೆ. ಫಾಂಟ್ ಹೋದರೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಗೊಂಚಲು.

ಹೊರನಾಡಿನ ಕನ್ನಡದ ಎಷ್ಟೋ ಬರಹ ಇರುವುದು ಇದೇ ರೂಪದಲ್ಲಿ. ಸಂಘದ ಸ್ಮರಣ ಸಂಚಿಕೆ, ನಾಟಕದ ಪ್ರತಿ, ಅಜ್ಜನ ಆತ್ಮಕಥೆ ಅಟ್ಟದ ಮೇಲಿನ ಫ್ಲಾಪಿಗಳಲ್ಲಿವೆ. ಊರಿನಲ್ಲಾದರೆ ಒಂದು ಗ್ರಂಥಾಲಯವೋ ಪ್ರೆಸ್ಸೋ ಇನ್ನೊಂದು ಪ್ರತಿ ಇಟ್ಟುಕೊಂಡಿರಬಹುದು. ವಲಸೆ ಬಂದವರದು ಮನೆ ಬದಲಿಸುವಾಗ ಮೊದಲು ಕಸಕ್ಕೆ ಹೋಗುತ್ತದೆ. ಫ್ಲಾಪಿಯ ಕಾಂತಶಕ್ತಿಯೂ ಯಾರಿಗಾಗಿಯೂ ಕಾಯುವುದಿಲ್ಲ.

ಇಲ್ಲಿ ಲೂಪ್ ಸಾಧನ ಕೆಲಸಕ್ಕೆ ಬರುತ್ತದೆ. 1.44 ಎಂಬಿ ಫ್ಲಾಪಿಯಲ್ಲಿ 512 ಬೈಟುಗಳ 2,880 ಸೆಕ್ಟರ್‌ಗಳಿವೆ. ಒಟ್ಟು 14,74,560 ಬೈಟು. ‘ಡಿಡಿ’ಯಿಂದ ಇದನ್ನು ಮೊದಲಿನಿಂದ ಕೊನೆಯವರೆಗೆ ಒಂದು ಕಡತಕ್ಕೆ ಎತ್ತಿಕೊಂಡರೆ ಅದು ಫ್ಲಾಪಿಯ ಪಡಿಯಚ್ಚು. ಸೆಕ್ಟರ್ ಕೆಟ್ಟಿದ್ದರೆ ಮತ್ತೆ ಮತ್ತೆ ಪ್ರಯತ್ನಿಸಿ ಸಿಕ್ಕಿದ್ದನ್ನು ಉಳಿಸುವ ‘ಡಿಡಿರೆಸ್ಕ್ಯೂ’ ಬಳಸಿ. ಬರೀ ಕಡತ ಕಾಪಿ ಮಾಡಿದರೆ ಸಾಲದೇ? ಸಾಲದು. ಪಡಿಯಚ್ಚಿನಲ್ಲಿ ಡಿಸ್ಕಿನ ಹೆಸರು, ದಿನಾಂಕಗಳು, ಪಕ್ಕದಲ್ಲೇ ಇಟ್ಟಿದ್ದ ಫಾಂಟ್, ಅಳಿಸಿದರೂ ಇನ್ನೂ ಮೇಲೆ ಬರೆಯದಿದ್ದ ಭಾಗ ಎಲ್ಲವೂ ಬರುತ್ತವೆ. ಆಮೇಲೆ ಅದನ್ನು ಲೂಪ್ ಮೂಲಕ, ಓದಲು ಮಾತ್ರ ಎಂಬ ಷರತ್ತಿನೊಂದಿಗೆ ಮೌಂಟ್ ಮಾಡಿದರೆ ಹಳೆಯ ಫ್ಲಾಪಿ ಹೊಸ ಲ್ಯಾಪ್‌ಟಾಪ್‌ನಲ್ಲಿ ತೆರೆದುಕೊಳ್ಳುತ್ತದೆ.

ಪಡಿಯಚ್ಚು ಉಳಿಸುವುದು ಬೈಟುಗಳನ್ನು. ಕನ್ನಡವನ್ನು ಉಳಿಸಬೇಕಾದವರು ನಾವು. ಹಾಗಾಗಿ ಮೂರು ಪ್ರತಿ ಇಡಿ: ಮುಟ್ಟದ ಮೂಲ ಪಡಿಯಚ್ಚು, ಯೂನಿಕೋಡಿಗೆ ಪರಿವರ್ತಿಸಿದ ಪಠ್ಯ, ಯಾವ ತಂತ್ರಾಂಶ ಯಾವ ಫಾಂಟ್ ಎಂಬ ಟಿಪ್ಪಣಿಯೊಂದಿಗೆ ಆ ಫಾಂಟ್. ಪರಿವರ್ತಕಗಳು ಒತ್ತಕ್ಷರ, ಅರ್ಕಾವತ್ತುಗಳಲ್ಲಿ ಎಡವುತ್ತವೆ. ಇಂದು ತಪ್ಪಿದ್ದನ್ನು ನಾಳೆ ಮೂಲದಿಂದ ಮತ್ತೆ ಮಾಡಬಹುದು. ನಮ್ಮ ಐಟಿ ಕೆಲಸದಲ್ಲಿ ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕ ಹಿಡಿಯುವುದಿಲ್ಲ. ಇಲ್ಲೂ ಪಡಿಯಚ್ಚನ್ನು ಒಮ್ಮೆ ಮೌಂಟ್ ಮಾಡಿ ಓದಿದ ಮೇಲೆಯೇ ಕೆಲಸ ಮುಗಿದಂತೆ.

ನೂರು ಫ್ಲಾಪಿಗಳ ಪಡಿಯಚ್ಚು ಸೇರಿದರೂ 150 ಎಂಬಿ ದಾಟುವುದಿಲ್ಲ. ಮದುವೆಯ ಒಂದು ಮೊಬೈಲ್ ವಿಡಿಯೊ ಅದಕ್ಕಿಂತ ದೊಡ್ಡದು. ಬೇಕಾದದ್ದು ಒಂದು ಯುಎಸ್‌ಬಿ ಫ್ಲಾಪಿ ಡ್ರೈವ್, ಒಂದು ಭಾನುವಾರ. ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಡಬ್ಬಿಯನ್ನೂ ಒಮ್ಮೆ ಇಳಿಸಿ ನೋಡಿ.