ಗಡ್ಡೆಯಲ್ಲಿನ ರಕ್ತಸಂಚಾರದ ಮಾಪನ (ಪರ್‌ಫ್ಯೂಷನ್ ಸ್ಕ್ಯಾನ್): ಸಾರ್ವಜನಿಕರ ಮಾಹಿತಿಗಾಗಿ

ಚಿಕ್ಕಮಗಳೂರು ತಾಲ್ಲೂಕಿನ ವಸ್ತಾರೆ ಹೋಬಳಿ ಹಾಗೂ ಮೂಡಿಗೆರೆ, ಕಳಸ ತಾಲ್ಲೂಕುಗಳಿಂದ ಕ್ಯಾನ್ಸರ್ ಚಿಕಿತ್ಸೆಗಾಗಿ ಬೆಂಗಳೂರು, ಮಂಗಳೂರು ಅಥವಾ ಮಣಿಪಾಲಕ್ಕೆ ತೆರಳುವ ರೋಗಿಗಳಿಗೆ ವೈದ್ಯರು ಕೆಲವೊಮ್ಮೆ ಪರ್‌ಫ್ಯೂಷನ್ ಸ್ಕ್ಯಾನ್ ಮಾಡಿಸಲು ಸೂಚಿಸುತ್ತಾರೆ. ಗಡ್ಡೆಯೊಳಗೆ ಎಷ್ಟು ರಕ್ತ ಹರಿಯುತ್ತಿದೆ ಎಂಬುದನ್ನು ಅಳೆಯುವ ಸದರಿ ಪರೀಕ್ಷೆಯ ಉದ್ದೇಶ, ವಿಧಾನ ಹಾಗೂ ಪೂರ್ವಸಿದ್ಧತೆಯನ್ನು ಇಲ್ಲಿ ವಿವರಿಸಲಾಗಿದೆ.

1. ಉದ್ದೇಶ

ಗಡ್ಡೆಯು 1-2 ಮಿ.ಮೀ.ಗಿಂತ ಹೆಚ್ಚು ಬೆಳೆಯಲು ಹೊಸ ರಕ್ತನಾಳಗಳು ಅವಶ್ಯಕವೆಂಬ ವಿಚಾರವನ್ನು ಅಮೆರಿಕದ ಶಸ್ತ್ರವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಮಂಡಿಸಿದರು. ಇಂತಹ ನಾಳಗಳ ಬೆಳವಣಿಗೆಯನ್ನು ತಡೆಯುವ ಬೆವಾಸಿಜುಮ್ಯಾಬ್ ಔಷಧಕ್ಕೆ 2004ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆಯಿತು.

ಸಾಮಾನ್ಯ ಸ್ಕ್ಯಾನ್‌ನಲ್ಲಿ ಮುಖ್ಯವಾಗಿ ಗಡ್ಡೆಯ ಗಾತ್ರವನ್ನು ಅಳೆಯಲಾಗುತ್ತದೆ. 2009ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾನದಂಡದಂತೆ ಗಡ್ಡೆಗಳ ವ್ಯಾಸದ ಮೊತ್ತ ಶೇ. 30ರಷ್ಟಾದರೂ ಕುಗ್ಗಿದಲ್ಲಿ ಮಾತ್ರ ಭಾಗಶಃ ಗುಣ ಎಂದು ಪರಿಗಣಿಸಲಾಗುತ್ತದೆ. ಆದರೆ ನಾಳಗಳ ಮೇಲೆ ವರ್ತಿಸುವ ಔಷಧಗಳಿಂದ ಗಾತ್ರ ಕುಗ್ಗುವ ಮೊದಲೇ ರಕ್ತದ ಹರಿವು ತಗ್ಗಬಹುದು. ಆದ್ದರಿಂದ ಗಾತ್ರ ಕಡಿಮೆಯಾಗಿಲ್ಲವೆಂಬ ಒಂದೇ ಕಾರಣಕ್ಕೆ ರೋಗಿಗಳು ಚಿಕಿತ್ಸೆಯನ್ನು ಅರ್ಧಕ್ಕೆ ನಿಲ್ಲಿಸಬಾರದು.

2. ವಿಧಾನಗಳು

(ಅ) ಸಿ.ಟಿ.: ತೋಳಿನ ರಕ್ತನಾಳಕ್ಕೆ ಅಯೋಡಿನ್‌ಯುಕ್ತ ಕಾಂಟ್ರಾಸ್ಟ್ ಔಷಧ ನೀಡಿ, ಒಂದೇ ಭಾಗದ ಚಿತ್ರಗಳನ್ನು ಕೆಲವು ಸೆಕೆಂಡುಗಳಿಗೊಮ್ಮೆ ತೆಗೆಯಲಾಗುತ್ತದೆ. ಔಷಧವು ಗಡ್ಡೆಯನ್ನು ಎಷ್ಟು ವೇಗವಾಗಿ ತಲುಪಿ ಹೊರಹೋಗುತ್ತದೆ ಎಂಬುದರಿಂದ 100 ಗ್ರಾಂ ಅಂಗಾಂಶಕ್ಕೆ ನಿಮಿಷಕ್ಕೆ ಎಷ್ಟು ಮಿ.ಲೀ. ರಕ್ತ ಹರಿಯುತ್ತದೆ ಎಂದು ಲೆಕ್ಕ ಹಾಕಲಾಗುತ್ತದೆ. ಇದರಲ್ಲಿ ಎಕ್ಸ್-ರೇ ವಿಕಿರಣ ಬಳಕೆಯಾಗುತ್ತದೆ.

(ಆ) ಎಂ.ಆರ್.ಐ.: ವಿಕಿರಣವಿಲ್ಲ. ಸಾಮಾನ್ಯವಾಗಿ ಗ್ಯಾಡೋಲಿನಿಯಂ ಔಷಧ ನೀಡಲಾಗುತ್ತದೆ. ಗಡ್ಡೆಯ ನಾಳಗಳು ಸೋರುವ ಸ್ವಭಾವದವಾದ್ದರಿಂದ ಸೋರಿಕೆಯನ್ನೂ ಅಂದಾಜು ಮಾಡಲಾಗುತ್ತದೆ. ಔಷಧವಿಲ್ಲದೆ ರಕ್ತದಲ್ಲಿನ ನೀರಿನಂಶವನ್ನೇ ಗುರುತಿಸುವ ಕ್ರಮವೂ ಇದ್ದು, ಮುಖ್ಯವಾಗಿ ಮೆದುಳಿನ ಗಡ್ಡೆಗಳಿಗೆ ಬಳಕೆಯಲ್ಲಿದೆ.

(ಇ) ಡಾಪ್ಲರ್ ಅಲ್ಟ್ರಾಸೌಂಡ್: ನಾಳಗಳಲ್ಲಿ ಹರಿವಿನ ವೇಗವನ್ನು ತೋರಿಸುತ್ತದೆ, ಅತಿ ಸಣ್ಣ ನಾಳಗಳ ಹರಿವು ಇದರಲ್ಲಿ ಕಾಣದಿರಬಹುದು.

(ಈ) ಪೆಟ್: ಆಕ್ಸಿಜನ್-15 ಬೆರೆತ ನೀರಿನಿಂದ ಹರಿವನ್ನು ನಿಖರವಾಗಿ ಅಳೆಯಬಹುದು. ಈ ವಸ್ತುವಿನ ಅರ್ಧಾಯುಷ್ಯ ಸುಮಾರು 2 ನಿಮಿಷ ಮಾತ್ರವಾದ್ದರಿಂದ ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಸಮೀಪದಲ್ಲೇ ಇರಬೇಕು. ಹೀಗಾಗಿ ಬಳಕೆ ವಿರಳ.

3. ಪರೀಕ್ಷೆಯ ಮಿತಿಗಳು

ಸೋಂಕು, ಉರಿಯೂತಗಳಲ್ಲಿಯೂ ರಕ್ತದ ಹರಿವು ಹೆಚ್ಚಬಹುದು. ಆದ್ದರಿಂದ ಈ ಪರೀಕ್ಷೆ ಬಯಾಪ್ಸಿಗೆ ಬದಲಿಯಲ್ಲ. ಯಂತ್ರ ಹಾಗೂ ಲೆಕ್ಕಾಚಾರದ ಕ್ರಮ ಬದಲಾದಲ್ಲಿ ಅಂಕಿಗಳೂ ಬದಲಾಗುತ್ತವೆ. ಚಿಕಿತ್ಸೆಗೆ ಮುಂಚಿನ ಮತ್ತು ನಂತರದ ಪರೀಕ್ಷೆಗಳನ್ನು ಸಾಧ್ಯವಾದಷ್ಟೂ ಒಂದೇ ಕೇಂದ್ರದಲ್ಲಿ ಮಾಡಿಸುವುದು ಸೂಕ್ತ.

4. ರೋಗಿಗಳು ಗಮನಿಸಬೇಕಾದ ಅಂಶಗಳು

- ಎಲ್ಲಾ ಸ್ಕ್ಯಾನ್ ಕೇಂದ್ರಗಳಲ್ಲಿ ಈ ಪರೀಕ್ಷೆ ಲಭ್ಯವಿರುವುದಿಲ್ಲ. ಪ್ರಯಾಣಕ್ಕೆ ಮುನ್ನ ವಿಚಾರಿಸಿ ದಿನಾಂಕ ಪಡೆಯತಕ್ಕದ್ದು.
- ಮೂತ್ರಪಿಂಡದ ಕಾರ್ಯ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ಇತ್ತೀಚಿನ ವರದಿಯನ್ನು ತರತಕ್ಕದ್ದು. ಈ ಪರೀಕ್ಷೆಯನ್ನು ಸ್ಥಳೀಯವಾಗಿ ಮುಂಚಿತವಾಗಿಯೇ ಮಾಡಿಸಿಕೊಂಡಲ್ಲಿ ಅಲ್ಲಿಗೆ ಹೋದ ನಂತರ ಕಾಯುವುದು ತಪ್ಪುತ್ತದೆ.
- ಹಿಂದಿನ ಸ್ಕ್ಯಾನ್‌ಗಳ ವರದಿಯೊಂದಿಗೆ ಸಿ.ಡಿ. ಅಥವಾ ಫಿಲ್ಮ್‌ಗಳನ್ನೂ ಕೊಂಡೊಯ್ಯತಕ್ಕದ್ದು.
- ಔಷಧದ ಅಲರ್ಜಿ, ಆಸ್ತಮಾ, ಗರ್ಭಧಾರಣೆ, ಪೇಸ್‌ಮೇಕರ್ ಅಥವಾ ದೇಹದೊಳಗಿನ ಲೋಹದ ವಿಷಯವನ್ನು ಸಿಬ್ಬಂದಿಗೆ ಮೊದಲೇ ತಿಳಿಸತಕ್ಕದ್ದು.
- ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಸೇವಿಸುವವರು ವೈದ್ಯರ ಸಲಹೆ ಪಡೆಯಬೇಕು. ತಾವಾಗಿಯೇ ಮಾತ್ರೆ ನಿಲ್ಲಿಸಕೂಡದು.

5. ಚಿಕಿತ್ಸಾ ಸೌಲಭ್ಯ ಮತ್ತು ವೆಚ್ಚ

ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಲ್ಲಿ ಸ್ಥಾಪನೆಯಾದ ಸರ್ಕಾರಿ ಕ್ಯಾನ್ಸರ್ ಚಿಕಿತ್ಸಾ ಸಂಸ್ಥೆಯಾಗಿದೆ. 2018ರಲ್ಲಿ ಜಾರಿಗೆ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ ರೂ. 5 ಲಕ್ಷದವರೆಗೆ ನಿಗದಿತ ಚಿಕಿತ್ಸೆಗಳು ಲಭ್ಯವಿವೆ. ಪಡಿತರ ಚೀಟಿ, ಆಧಾರ್ ಹಾಗೂ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನು ಜೊತೆಯಲ್ಲಿಟ್ಟುಕೊಳ್ಳುವುದು. ಸ್ಕ್ಯಾನ್ ವೆಚ್ಚವು ಚಿಕಿತ್ಸಾ ಪ್ಯಾಕೇಜಿನಲ್ಲಿ ಸೇರಿದೆಯೇ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ಪರೀಕ್ಷೆಗೆ ಮುನ್ನವೇ ಖಚಿತಪಡಿಸಿಕೊಳ್ಳತಕ್ಕದ್ದು.