ಹವಾಮಾನ ಬದಲಾವಣೆ ಮತ್ತು ಕರಾವಳಿಯ ಬೂತಾಯಿ, ಬಂಗುಡೆ ಮೀನುಗಾರಿಕೆ

ಪೀಠಿಕೆ

ಕರ್ನಾಟಕವು ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಸುಮಾರು 320 ಕಿ.ಮೀ. ಉದ್ದದ ಕರಾವಳಿಯನ್ನು ಹೊಂದಿದೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ತದಡಿ ಮತ್ತು ಕಾರವಾರ ಇಲ್ಲಿನ ಪ್ರಮುಖ ಮೀನುಗಾರಿಕಾ ಕೇಂದ್ರಗಳಾಗಿವೆ. ರಂಪಣಿ ಬಲೆಯ ಕಾಲದಿಂದಲೂ ಈ ಕರಾವಳಿಯ ಜೀವನಾಧಾರವಾಗಿರುವುದು ಬೂತಾಯಿ ಮತ್ತು ಬಂಗುಡೆ. ಇವೆರಡೂ ಗುಂಪಾಗಿ ಸಂಚರಿಸುವ, ನೀರಿನ ಉಷ್ಣತೆ ಮತ್ತು ಆಹಾರವನ್ನು ಅನುಸರಿಸಿ ಸ್ಥಳ ಬದಲಿಸುವ ಮೀನುಗಳು. ಆದುದರಿಂದ ಸಮುದ್ರದಲ್ಲಿ ಉಂಟಾಗುವ ಬದಲಾವಣೆಯ ಪರಿಣಾಮವು ಮೊದಲು ಇವುಗಳ ಇಳುವರಿಯಲ್ಲಿ ಕಂಡುಬರುತ್ತದೆ. ಈ ಬಗ್ಗೆ ಮೀನುಗಾರರು ಹಾಗೂ ಸಾರ್ವಜನಿಕರಿಗೆ ಅಗತ್ಯವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಸಮುದ್ರದಲ್ಲಿ ಆಗುತ್ತಿರುವ ಬದಲಾವಣೆಗಳು

ಹಸಿರುಮನೆ ಅನಿಲಗಳಿಂದ ಭೂಮಿಯಲ್ಲಿ ಶೇಖರವಾಗುತ್ತಿರುವ ಹೆಚ್ಚುವರಿ ಶಾಖದ ಶೇ. 90ಕ್ಕೂ ಹೆಚ್ಚಿನ ಭಾಗವನ್ನು ಸಮುದ್ರಗಳು ಹೀರಿಕೊಳ್ಳುತ್ತಿವೆ. ಕೇಂದ್ರ ಭೂವಿಜ್ಞಾನ ಸಚಿವಾಲಯವು 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1951ರಿಂದ 2015ರ ಅವಧಿಯಲ್ಲಿ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಉಷ್ಣತೆಯು ಸರಾಸರಿ ಸುಮಾರು 1 ಡಿಗ್ರಿ ಸೆಲ್ಸಿಯಸ್ ಏರಿದೆ. ಇದೇ ಅವಧಿಯಲ್ಲಿ ಜಗತ್ತಿನ ಸಮುದ್ರಗಳ ಸರಾಸರಿ ಏರಿಕೆ ಸುಮಾರು 0.7 ಡಿಗ್ರಿಯಷ್ಟಿತ್ತು. ಉತ್ತರ ಹಿಂದೂ ಮಹಾಸಾಗರದ ನೀರಿನ ಮಟ್ಟವು 1993ರಿಂದ 2017ರವರೆಗೆ ವರ್ಷಕ್ಕೆ ಸುಮಾರು 3.3 ಮಿ.ಮೀ.ನಂತೆ ಏರಿದೆ.

ಇದಲ್ಲದೆ, ಮನುಷ್ಯರು ಹೊರಸೂಸುವ ಇಂಗಾಲದ ಡೈಆಕ್ಸೈಡಿನ ಸುಮಾರು ಕಾಲು ಭಾಗವು ಸಮುದ್ರದ ನೀರಿನಲ್ಲಿ ಕರಗಿ, ನೀರಿನ ಆಮ್ಲೀಯತೆಯನ್ನು ಹೆಚ್ಚಿಸುತ್ತಿದೆ. ಇದರಿಂದ ಚಿಪ್ಪುಮೀನು ಮತ್ತು ಹವಳದಂತಹ ಜೀವಿಗಳಿಗೆ ಸುಣ್ಣದ ಕವಚ ಕಟ್ಟಿಕೊಳ್ಳುವುದು ಕಷ್ಟವಾಗುತ್ತದೆ. ಉಷ್ಣತೆ ಮಿತಿಮೀರಿದಾಗ ಹವಳಗಳು ಬಣ್ಣ ಕಳೆದುಕೊಂಡು ಬಿಳುಪಾಗುತ್ತವೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು. ಕರ್ನಾಟಕದಲ್ಲಿ ಮುರುಡೇಶ್ವರದ ಸಮೀಪದ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ.

ಮಳೆಗಾಲ ಮತ್ತು ಮೀನಿನ ಆಹಾರ

ನೈಋತ್ಯ ಮಾರುತಗಳು ಬೀಸುವಾಗ ಕರಾವಳಿಯ ಮೇಲ್ಮೈ ನೀರು ಆಳಸಮುದ್ರದ ಕಡೆಗೆ ಸರಿಯುತ್ತದೆ. ಅದರ ಜಾಗಕ್ಕೆ ಆಳದ ತಣ್ಣನೆಯ, ಪೋಷಕಾಂಶಭರಿತ ನೀರು ಮೇಲೇರುತ್ತದೆ. ಕೇರಳದ ದಕ್ಷಿಣ ತುದಿಯಲ್ಲಿ ಪ್ರಬಲವಾಗಿರುವ ಈ ಕ್ರಿಯೆ ಉತ್ತರಕ್ಕೆ ಹರಡಿ ಕರ್ನಾಟಕವನ್ನು ತಲುಪುತ್ತದೆ. ಬಿಸಿಲು ಮತ್ತು ಪೋಷಕಾಂಶಗಳಿಂದ ಸೂಕ್ಷ್ಮ ಸಸ್ಯಪ್ಲವಕಗಳು ಹೇರಳವಾಗಿ ಬೆಳೆಯುತ್ತವೆ. ಇವು ಬೂತಾಯಿಯ ಮುಖ್ಯ ಆಹಾರ. ಬೂತಾಯಿಯ ಸಂತಾನೋತ್ಪತ್ತಿಯೂ ಮುಖ್ಯವಾಗಿ ಮಳೆಗಾಲದಲ್ಲಿಯೇ ನಡೆಯುತ್ತದೆ.

ಮೇಲ್ಮೈ ನೀರು ಹೆಚ್ಚು ಬಿಸಿಯಾದಾಗ ಹಗುರವಾಗಿ ಮೇಲೆಯೇ ಉಳಿದು, ಆಳದ ನೀರಿನೊಂದಿಗೆ ಬೆರೆಯುವುದು ಕಡಿಮೆಯಾಗುತ್ತದೆ. ಮಾರುತದ ಆರಂಭ ಅಥವಾ ಬಲದಲ್ಲಿ ವ್ಯತ್ಯಾಸವಾದರೂ ಆಹಾರದ ಬೆಳೆ ಏರುಪೇರಾಗುತ್ತದೆ. ಬೂತಾಯಿಯ ಆಯುಷ್ಯ ಎರಡು ಎರಡೂವರೆ ವರ್ಷ ಮಾತ್ರ. ಹಾಗಾಗಿ ಒಂದು ವರ್ಷ ಮರಿಗಳು ಉಳಿಯದಿದ್ದರೆ ಮರುವರ್ಷವೇ ಬಲೆ ಬರಿದಾಗುತ್ತದೆ.

ಬೂತಾಯಿ ಇಳುವರಿಯ ಏರಿಳಿತ

ಬೂತಾಯಿಯ ಏರಿಳಿತ ಹೊಸದಲ್ಲ. 1940ರ ದಶಕದಲ್ಲಿಯೂ ಪಶ್ಚಿಮ ಕರಾವಳಿಯಲ್ಲಿ ಇದರ ತೀವ್ರ ಅಭಾವ ಉಂಟಾಗಿತ್ತು. ಆದರೆ ಇತ್ತೀಚಿನ ಕುಸಿತದ ಪ್ರಮಾಣ ಗಮನಾರ್ಹವಾಗಿದೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ದೊರೆತಿದ್ದರೆ, 2021ರಲ್ಲಿ ದೊರೆತದ್ದು ಸುಮಾರು 3,300 ಟನ್ ಮಾತ್ರ. 2022ರಿಂದ ಅಲ್ಲಿ ಇಳುವರಿ ಮತ್ತೆ ಒಂದು ಲಕ್ಷ ಟನ್ ಮೀರಿತು. ಈ ಕುಸಿತಕ್ಕೆ 2015ರ ಎಲ್ ನಿನೊ ಸಹಿತ ಸಮುದ್ರದ ಬದಲಾವಣೆಗಳು ಹಾಗೂ ಮರಿಮೀನುಗಳ ಅತಿಯಾದ ಹಿಡಿಯುವಿಕೆ ಎರಡೂ ಕಾರಣವೆಂದು ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ತಿಳಿಸಿದ್ದಾರೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ, ಸಮುದ್ರದ ಉಷ್ಣತೆಯನ್ನು ತಗ್ಗಿಸುವುದು ಕರಾವಳಿಯ ಮೀನುಗಾರರಿಂದ ಸಾಧ್ಯವಿಲ್ಲ. ಆದರೆ ಮರಿಮೀನುಗಳನ್ನು ಮತ್ತು ಮೊಟ್ಟೆಯಿಡುವ ಮೀನುಗಳನ್ನು ಉಳಿಸುವುದು ಸಾಧ್ಯ. ಪ್ರತಿಕೂಲ ವರ್ಷದಲ್ಲಿ ಉಳಿದುಕೊಂಡ ಮೀನುಗಳೇ ಅನುಕೂಲ ವರ್ಷದ ಸುಗ್ಗಿಗೆ ಬೀಜ.

ಸ್ಥಳ ಬದಲಿಸುತ್ತಿರುವ ಮೀನುಗಳು

ಹಿಂದೆ ಬೂತಾಯಿಯು ಬಹುತೇಕ ಕೇರಳ ಮತ್ತು ಕರ್ನಾಟಕ ಕರಾವಳಿಗೆ ಸೀಮಿತವಾಗಿತ್ತು. 1980ರ ದಶಕದ ನಂತರ ಇದು ಉತ್ತರದ ಕಡೆಗೂ ಪೂರ್ವ ಕರಾವಳಿಗೂ ವಿಸ್ತರಿಸಿದೆ. ಬಂಗುಡೆಯು ಉತ್ತರಕ್ಕೆ ಹರಡಿರುವುದಲ್ಲದೆ, ಮೇಲ್ಮೈ ನೀರಿನಿಂದ ಆಳಕ್ಕೂ ಇಳಿದಿದ್ದು, ತಳಮಟ್ಟದ ಟ್ರಾಲ್ ಬಲೆಗಳಲ್ಲಿ ಹಿಂದಿಗಿಂತ ಹೆಚ್ಚಾಗಿ ಸಿಗುತ್ತಿದೆ. ಇದರಿಂದ ತೀರದ ಸಮೀಪವೇ ಬಲೆ ಬಿಡುವ ನಾಡದೋಣಿ ಮೀನುಗಾರರಿಗೆ ಹೆಚ್ಚಿನ ತೊಂದರೆಯಾಗುತ್ತದೆ. ದೊಡ್ಡ ದೋಣಿಗಳು ಮೀನನ್ನು ಹುಡುಕಿ ದೂರ ಹೋಗಬಲ್ಲವಾದರೂ ಇಂಧನದ ವೆಚ್ಚ ಏರುತ್ತದೆ.

ಅಳಿವೆಗಳಲ್ಲಿ ಉಪ್ಪುನೀರು ಮತ್ತು ಸಿಹಿನೀರಿನ ಹದವೇ ಮರುವಾಯಿಯಂತಹ ಚಿಪ್ಪುಮೀನುಗಳ ಜೀವಾಳ. ಅಲ್ಪಕಾಲದಲ್ಲಿ ಅತಿಯಾಗಿ ಮಳೆ ಸುರಿದಾಗ ಈ ಹದ ಕೆಡುತ್ತದೆ. ಅಘನಾಶಿನಿ ಅಳಿವೆಯನ್ನು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿಸಲಾಗಿದೆ.

ಚಂಡಮಾರುತಗಳು ಮತ್ತು ಮುನ್ಸೂಚನೆ

ಬೆಚ್ಚಗಿನ ನೀರು ಚಂಡಮಾರುತಗಳಿಗೆ ಬಲ ನೀಡುತ್ತದೆ. ಅರಬ್ಬಿ ಸಮುದ್ರದಲ್ಲಿ ಇತ್ತೀಚಿನ ದಶಕಗಳಲ್ಲಿ ತೀವ್ರ ಚಂಡಮಾರುತಗಳು ಹೆಚ್ಚಿವೆ. 2017ರ ಓಖಿ, 2019ರ ಕ್ಯಾರ್ ಮತ್ತು ಮಹಾ, 2021ರ ಮೇ ತಿಂಗಳ ತೌಕ್ತೆ ಹಾಗೂ 2023ರ ಬಿಪರ್‌ಜಾಯ್ ಇವುಗಳಿಗೆ ಉದಾಹರಣೆ. ಓಖಿಯ ಸಂದರ್ಭದಲ್ಲಿ ಆಳಸಮುದ್ರದಲ್ಲಿದ್ದ ಕೇರಳ ಮತ್ತು ತಮಿಳುನಾಡಿನ ಅನೇಕ ಮೀನುಗಾರರಿಗೆ ಎಚ್ಚರಿಕೆ ತಲುಪದೆ ಪ್ರಾಣಹಾನಿ ಸಂಭವಿಸಿತು. ಮೊಬೈಲ್ ಸಂಪರ್ಕವು ತೀರದಿಂದ ಸ್ವಲ್ಪ ದೂರದವರೆಗೆ ಮಾತ್ರ ಲಭಿಸುವುದರಿಂದ, ಆಳಸಮುದ್ರಕ್ಕೆ ತೆರಳುವ ದೋಣಿಗಳು ಉಪಗ್ರಹ ಆಧಾರಿತ ಸಂಪರ್ಕ ಸಾಧನ ಹೊಂದಿರುವುದು ಅಗತ್ಯ.

ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರವು ಎತ್ತರದ ಅಲೆಗಳ ಮುನ್ನೆಚ್ಚರಿಕೆ ನೀಡುತ್ತದೆ. ಉಪಗ್ರಹಗಳಿಂದ ನೀರಿನ ಉಷ್ಣತೆ ಮತ್ತು ಬಣ್ಣವನ್ನು ಅಳೆದು, ಮೀನು ಸಿಗಬಹುದಾದ ವಲಯಗಳ ಮಾಹಿತಿಯನ್ನು ಕನ್ನಡದಲ್ಲಿಯೂ ಒದಗಿಸುತ್ತದೆ. ಇದರಿಂದ ಹುಡುಕಾಟದ ಸಮಯ ಮತ್ತು ಇಂಧನ ಉಳಿತಾಯವಾಗುತ್ತದೆ.

ಮೀನುಗಾರರು ಅನುಸರಿಸಬೇಕಾದ ಕ್ರಮಗಳು

1. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ನಿಷೇಧ ಅವಧಿಯಲ್ಲಿ ಯಾಂತ್ರೀಕೃತ ದೋಣಿಗಳು ಹಾಗೂ 10 ಅಶ್ವಶಕ್ತಿಗಿಂತ ಹೆಚ್ಚಿನ ಯಂತ್ರ ಅಳವಡಿಸಿದ ದೋಣಿಗಳು ಸಮುದ್ರಕ್ಕೆ ಇಳಿಯತಕ್ಕದ್ದಲ್ಲ. ಇದು ಅನೇಕ ಮೀನುಗಳು ಮೊಟ್ಟೆಯಿಡುವ ಕಾಲ.

2. ನಿಗದಿತ ಅಳತೆಗಿಂತ ಚಿಕ್ಕ ಕಣ್ಣಿನ ಬಲೆಗಳನ್ನು ಬಳಸಬಾರದು. ಮರಿಮೀನುಗಳನ್ನು ಹಿಡಿದು ಮೀನುಹುಡಿ ಕಾರ್ಖಾನೆಗಳಿಗೆ ಮಾರುವುದರಿಂದ ಮುಂದಿನ ವರ್ಷದ ಆದಾಯವೇ ನಷ್ಟವಾಗುತ್ತದೆ.

3. 2017ರಲ್ಲಿ ಕೇಂದ್ರ ಸರ್ಕಾರವು ನಿಷೇಧಿಸಿರುವ ಬೆಳಕು ಮೀನುಗಾರಿಕೆ ಮತ್ತು ಬುಲ್ ಟ್ರಾಲಿಂಗ್ ನಡೆಸಬಾರದು.

4. ಹವಾಮಾನ ಇಲಾಖೆಯ ಎಚ್ಚರಿಕೆ ಇರುವಾಗ ಸಮುದ್ರಕ್ಕೆ ತೆರಳಬಾರದು. ಜೀವರಕ್ಷಕ ಕವಚಗಳನ್ನು ದೋಣಿಯಲ್ಲಿ ಕಡ್ಡಾಯವಾಗಿ ಇರಿಸಿಕೊಳ್ಳಬೇಕು. ಅಪಾಯದಲ್ಲಿ ಸಿಲುಕಿದವರು ಕರಾವಳಿ ರಕ್ಷಣಾ ಪಡೆಯ ದೂರವಾಣಿ 1554ಕ್ಕೆ ಕರೆ ಮಾಡಬಹುದು.

5. ದೋಣಿಯ ನೋಂದಣಿ ಮತ್ತು ಮೀನುಗಾರಿಕಾ ಪರವಾನಗಿಯನ್ನು ಸಕಾಲದಲ್ಲಿ ನವೀಕರಿಸಿಕೊಳ್ಳಬೇಕು. ಅವಘಡ ಅಥವಾ ಪ್ರಕೃತಿ ವಿಕೋಪದ ನಂತರ ಸಹಾಯ ಕೋರಿ ಸಲ್ಲಿಸುವ ಅರ್ಜಿಗೆ ಇವೇ ಆಧಾರ. ಇವುಗಳ ಪ್ರತಿಗಳನ್ನು ದಡದಲ್ಲಿರುವ ಮನೆಯವರ ಬಳಿಯೂ ಇರಿಸುವುದು ಒಳಿತು.

6. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಅಪಘಾತದಿಂದ ಮರಣ ಅಥವಾ ಶಾಶ್ವತ ಸಂಪೂರ್ಣ ಅಂಗವೈಕಲ್ಯಕ್ಕೆ ರೂ. 5 ಲಕ್ಷದ ಸಮೂಹ ವಿಮೆಯನ್ನು ನಿಗದಿಪಡಿಸಲಾಯಿತು. ವಿಮೆ ಹಾಗೂ ನಿಷೇಧ ಅವಧಿಯ ಪರಿಹಾರಕ್ಕೆ ಸಂಬಂಧಿಸಿದ ಜಾರಿಯಲ್ಲಿರುವ ನಿಯಮ, ಮೊತ್ತ ಮತ್ತು ಅರ್ಜಿ ನಮೂನೆಗಳಿಗಾಗಿ ಸಂಬಂಧಪಟ್ಟ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯನ್ನು ಸಂಪರ್ಕಿಸಲು ಕೋರಲಾಗಿದೆ.